ಎರಡು ಬೆರಳ ಸಂದಿನ ಚೆಂಡು

ಬ್ರೂಸ್ ಸಟರ್ ಮೊಣಕೈ ಶಸ್ತ್ರಚಿಕಿತ್ಸೆಯ ಸುದ್ದಿಯನ್ನು ಕ್ಲಬ್ಬಿಗೆ ತಿಳಿಸಲೇ ಇಲ್ಲ. 1972ರಲ್ಲಿ ಕೈಯಿಂದಲೇ ದುಡ್ಡು ಕೊಟ್ಟು ಮಾಡಿಸಿಕೊಂಡು ಸುಮ್ಮನಾದ. ಶಿಕಾಗೊ ಕಬ್ಸ್ ಬೇಸ್‌ಬಾಲ್ ತಂಡದ ಕೆಳಹಂತದ ಲೀಗಿನಲ್ಲಿದ್ದ ಹತ್ತೊಂಬತ್ತರ ಹುಡುಗ. ನೋವಿರುವ ಪಿಚರನನ್ನು, ಅಂದರೆ ಚೆಂಡು ಎಸೆಯುವವನನ್ನು, ಯಾರು ಇಟ್ಟುಕೊಳ್ಳುತ್ತಾರೆ? ಮರುವರ್ಷ ಇಲಿನಾಯ್ಸಿನ ಕ್ವಿನ್ಸಿಯಲ್ಲಿ ಎಸೆಯಲು ನಿಂತರೆ ಚೆಂಡಿನಲ್ಲಿ ಮೊದಲಿನ ವೇಗವೇ ಇಲ್ಲ.

ಅವನನ್ನು ಕೈಹಿಡಿದವರು ಕಬ್ಸ್‌ನ ಪಿಚಿಂಗ್ ಕೋಚ್ ಫ್ರೆಡ್ ಮಾರ್ಟಿನ್. ಅವರೂ ಪಿಚರ್ ಆಗಿದ್ದವರೇ. ಸಣ್ಣ ಲೀಗುಗಳಲ್ಲಿ ವರ್ಷಗಟ್ಟಲೆ ದುಡಿದು, ನಡುವೆ ಮಹಾಯುದ್ಧದ ಸೈನ್ಯಸೇವೆ ಮುಗಿಸಿ, 1946ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ ಮೇಜರ್ ಲೀಗಿಗೆ ಬಂದಾಗ ವಯಸ್ಸು 30. ಕೆಲವೇ ವಾರಗಳಲ್ಲಿ ಮೆಕ್ಸಿಕೊದ ಧನಿಕ ಹೋರ್ಹೆ ಪಸ್ಕೆಲ್ ಹೆಚ್ಚಿನ ಸಂಬಳ ಕೊಡುತ್ತೇನೆಂದು ತನ್ನ ದೇಶದ ಲೀಗಿಗೆ ಕರೆದ, ಹೋದರು. ಹಾಗೆ ಹೋದವರ ಮೇಲೆ ಅಮೆರಿಕದ ಬೇಸ್‌ಬಾಲ್ ಆಡಳಿತ ನಿಷೇಧ ಹೇರಿತು. 1949ರಲ್ಲಿ ಅದು ತೆರವಾಗುವಷ್ಟರಲ್ಲಿ ಆಡುವ ವಯಸ್ಸು ಜಾರಿತ್ತು. ಮೇಜರ್ ಲೀಗಿನಲ್ಲಿ ಒಟ್ಟು ಲೆಕ್ಕ 12 ಗೆಲುವು, 3 ಸೋಲು. ಆ ಅಂಕಿ ನೋಡಿದಾಗೆಲ್ಲ ನನಗೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಮಾರ್ಟಿನ್ ಕಲಿಸಿದ್ದು ಇಷ್ಟೇ: ತೋರುಬೆರಳು, ನಡುಬೆರಳು ಅಗಲಿಸಿ ಚೆಂಡನ್ನು ಸಂದಿನಲ್ಲಿ ಹಿಡಿ, ತೋಳನ್ನು ಮಾತ್ರ ವೇಗದ ಚೆಂಡಿಗೆ ಬೀಸಿದಂತೆಯೇ ಬೀಸು. ಮಾಮೂಲಿ ವೇಗದ ಚೆಂಡು ಬೆರಳ ತುದಿಯಿಂದ ಬಿಡುವಾಗ ಹಿಮ್ಮುಖವಾಗಿ ಸುತ್ತತೊಡಗುತ್ತದೆ. ಆ ಸುತ್ತೇ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು. ಸಂದಿನಿಂದ ಜಾರಿದ್ದಕ್ಕೆ ಆ ಸುತ್ತು ಕಡಿಮೆ. ನೇರ ಬರುತ್ತಿದೆಯೆಂದು ಬ್ಯಾಟ್ ಬೀಸಿದರೆ ಚೆಂಡು ಅದರಡಿಗೆ ಇಳಿದಿರುತ್ತದೆ. ಬೆರಳು ಅಗಲಿಸಿ ನಿಧಾನದ ಚೆಂಡು ಹಾಕುವ ನಮ್ಮ ಕ್ರಿಕೆಟ್ ಬೌಲರುಗಳಿಗೆ ಇದನ್ನು ವಿವರಿಸಬೇಕಿಲ್ಲ.

ಹಿಡಿತ ಪೂರ್ತಿ ಹೊಸದೇನಲ್ಲ. ಚೆಂಡನ್ನು ಇನ್ನೂ ಆಳಕ್ಕೆ ಸಿಕ್ಕಿಸುವ ಫೋರ್ಕ್‌ಬಾಲನ್ನು 1950ರ ದಶಕದಲ್ಲೇ ಪಿಟ್ಸ್‌ಬರ್ಗಿನ ಎಲ್ರಾಯ್ ಫೇಸ್ ಎಸೆಯುತ್ತಿದ್ದರು. ಮಾರ್ಟಿನ್ ಕಂಡುಕೊಂಡದ್ದು, ವೇಗ ಹೋದ ತೋಳಿಗೂ ಇದು ಒಗ್ಗುತ್ತದೆ ಎಂಬುದನ್ನು. ಸಟರನ ಕೈ ದೊಡ್ಡದು, ಬೆರಳು ಉದ್ದ. ಹಿಡಿತ ಬೇಗ ಒಲಿಯಿತು. 1976ರಲ್ಲಿ ಶಿಕಾಗೊ ತಂಡಕ್ಕೆ ಬಂದವನು 1979ರಲ್ಲಿ ಲೀಗಿನ ಅತ್ಯುತ್ತಮ ಪಿಚರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಮಾರ್ಟಿನ್ ಅದನ್ನು ಕಾಣಲಿಲ್ಲ, ಆ ವರ್ಷದ ಜೂನ್‌ನಲ್ಲೇ ತೀರಿಕೊಂಡಿದ್ದರು.

ಆಮೇಲೆ ಆ ಹಿಡಿತವನ್ನು ಹತ್ತಾರು ಕೈಗಳಿಗೆ ದಾಟಿಸಿದವರು ರೋಜರ್ ಕ್ರೇಗ್. ಇವರೂ ಪಿಚರ್ ಆಗಿದ್ದು ಕೋಚ್ ಆದವರು, 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ 24 ಪಂದ್ಯ ಸೋತವರು. ಹೂಸ್ಟನ್ನಿನ ಮೈಕ್ ಸ್ಕಾಟ್ ಇವರಲ್ಲಿ ಕಲಿತು, 1986ರ ಸೆಪ್ಟೆಂಬರ್ 25ರಂದು ಎದುರಾಳಿಗೆ ಒಂದೂ ಹಿಟ್ ಕೊಡದೆ ತಂಡಕ್ಕೆ ಡಿವಿಷನ್ ಗೆದ್ದುಕೊಟ್ಟ. ಅಂದು 2-0ಯಿಂದ ಸೋತ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಮ್ಯಾನೇಜರ್ ಆಗಿದ್ದವರು ಇದೇ ಕ್ರೇಗ್.