ಕಜ್ಜಿ ಕೊಳಕಿನ ಕಾಯಿಲೆಯಲ್ಲ: ಫಿಜಿ ದ್ವೀಪಗಳು ತೋರಿಸಿಕೊಟ್ಟದ್ದು

"ಸರಿಯಾಗಿ ಸ್ನಾನ ಮಾಡದವರಿಗೆ ಕಜ್ಜಿ ಬರುತ್ತದೆ." ಈ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಹಾಸ್ಟೆಲಿನಿಂದ ಕೈ ಕೆರೆದುಕೊಳ್ಳುತ್ತಾ ಮನೆಗೆ ಬಂದ ಮಗುವಿಗೆ ಮದ್ದಿಗಿಂತ ಮೊದಲು ಬೈಗುಳ ಸಿಗುತ್ತದೆ. ಮಾತು ತಪ್ಪು, ಬೈಗುಳ ಅನ್ಯಾಯ.

ಕಜ್ಜಿಗೆ ಕಾರಣ ಒಂದು ನುಸಿ. ತೆಂಗಿನಕಾಯಿಗೆ ಬೀಳುವ ನುಸಿಯ ದೂರದ ಬಳಗ. ಹೆಣ್ಣು ನುಸಿಯ ಉದ್ದ ಅರ್ಧ ಮಿಲಿಮೀಟರೂ ಇರುವುದಿಲ್ಲ. ಅದು ಚರ್ಮದ ಮೇಲ್ಪದರವನ್ನು ಕೊರೆದು ಒಳಹೊಕ್ಕು, ದಿನಕ್ಕೆ ಎರಡೋ ಮೂರೋ ಮೊಟ್ಟೆ ಇಡುತ್ತಾ ಮುಂದೆ ಸಾಗುತ್ತದೆ. ಬೆರಳ ಸಂದಿಯನ್ನು ಒಳ್ಳೆಯ ಬೆಳಕಿಗೆ ಹಿಡಿದರೆ ಕೆಲವೊಮ್ಮೆ ಆ ಬಿಲ ಕಾಣುತ್ತದೆ: ಬೂದು ಬಣ್ಣದ, ಕೂದಲೆಳೆಯಷ್ಟು ಸಣ್ಣ ಸೊಟ್ಟ ಗೆರೆ, ತುದಿಯಲ್ಲೊಂದು ಚುಕ್ಕೆ. ಎಷ್ಟು ಉಜ್ಜಿ ತೊಳೆದರೂ ಸೋಪುನೀರು ಅಲ್ಲಿಗೆ ಮುಟ್ಟದು. ಒಬ್ಬರ ಮೈಗೆ ಇನ್ನೊಬ್ಬರ ಮೈ ಸ್ವಲ್ಪ ಹೊತ್ತು ತಾಗಿಕೊಂಡಿದ್ದರೆ ನುಸಿ ದಾಟುತ್ತದೆ. ಒಂದೇ ಚಾಪೆಯ ಮೇಲೆ ಮಲಗುವ ಮಕ್ಕಳು, ಕಂಕುಳಲ್ಲಿ ಕೂಸು ಹೊತ್ತ ಅಜ್ಜಿ, ಇಕ್ಕಟ್ಟಾದ ಕೋಣೆ: ಅದಕ್ಕೆ ಇಷ್ಟು ಸಾಕು.

"ಕಜ್ಜಿನಾಯಿ ಮುಟ್ಟಿದರೆ ಬರುತ್ತದೆ" ಎಂಬುದೂ ನಿಜವಲ್ಲ. ನಾಯಿಯ ನುಸಿ ಬೇರೆ ತಳಿ. ಅದು ನಮ್ಮ ಮೈಮೇಲೆ ಕೆಲವು ದಿನ ತುರಿಕೆ ಎಬ್ಬಿಸಬಹುದು, ಸಂಸಾರ ಹೂಡಲಾರದು.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆಯೆಂದರೆ "ತುರಿಸುವವರಿಗೆ ಮದ್ದು ಹಚ್ಚಿದರೆ ಸಾಕು" ಎಂಬುದು. ಮೊದಲ ಸಲ ನುಸಿ ಹೊಕ್ಕವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ಅವರು ಮನೆಯವರಿಗೆ ಅದನ್ನು ಹಂಚುತ್ತಿರುತ್ತಾರೆ. ಒಬ್ಬರಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಗೆ, ಅವರಿಂದ ಮತ್ತೆ ಮೊದಲಿನವರಿಗೆ.

ಇದನ್ನು ಅಳೆದು ತೋರಿಸಿದ್ದು ಶಾಂತ ಮಹಾಸಾಗರದ ಪುಟ್ಟ ದೇಶ ಫಿಜಿ. ಮುನ್ನೂರಕ್ಕೂ ಹೆಚ್ಚು ದ್ವೀಪಗಳಲ್ಲಿ ಚದುರಿರುವ, ಸುಮಾರು ಒಂಬತ್ತು ಲಕ್ಷ ಜನರ ಆ ದೇಶದಲ್ಲಿ 2007ರಲ್ಲಿ ಸಮೀಕ್ಷೆ ನಡೆಸಿದಾಗ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಕಜ್ಜಿ ಇತ್ತು. ಆಮೇಲೆ ಅಲ್ಲಿನ ಆರೋಗ್ಯ ಇಲಾಖೆ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಸೇರಿ ದ್ವೀಪಗಳ ಮೂರು ಸಮುದಾಯಗಳನ್ನು ಆರಿಸಿಕೊಂಡರು. ಒಟ್ಟು 2,051 ಜನ. ಒಂದು ಕಡೆ ಕಜ್ಜಿ ಇದ್ದವರಿಗೂ ಅವರ ಒಡನಾಟದವರಿಗೂ ಮಾತ್ರ ಪರ್ಮೆಥ್ರಿನ್ ಮುಲಾಮು. ಎರಡನೆಯ ಕಡೆ ಊರಿಗೆ ಊರೇ ಮುಲಾಮು. ಮೂರನೆಯ ಕಡೆ ಊರಿನವರಿಗೆಲ್ಲ ಐವರ್‌ಮೆಕ್ಟಿನ್ ಮಾತ್ರೆ. ಅದು ಸಲ್ಲದ ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ ಮುಲಾಮು.

ವರ್ಷ ಕಳೆದ ಮೇಲೆ ಎಣಿಸಿದರು. ಮೊದಲ ಕಡೆ ಕಜ್ಜಿ ಶೇ. 36.6ರಿಂದ 18.8ಕ್ಕೆ, ಎರಡನೆಯ ಕಡೆ 41.7ರಿಂದ 15.8ಕ್ಕೆ ಇಳಿದಿತ್ತು. ಮಾತ್ರೆ ಕೊಟ್ಟಲ್ಲಿ 32.1 ಇದ್ದದ್ದು 1.9ಕ್ಕೆ ಬಂದಿತ್ತು. ಎರಡು ವರ್ಷದ ನಂತರವೂ ಅದು ಶೇ. 4ನ್ನು ದಾಟಲಿಲ್ಲ. ಕತ್ತಿನಿಂದ ಕಾಲಿನವರೆಗೆ ಹಚ್ಚಿ ರಾತ್ರಿಯಿಡೀ ಬಿಡಬೇಕಾದ ಮುಲಾಮಿಗಿಂತ ಮಾತ್ರೆ ನುಂಗುವುದು ಎಷ್ಟು ಸುಲಭವೆಂದು, ಸೆಕೆಯ ಊರಿನಲ್ಲಿ ಮಕ್ಕಳಿಗೆ ಅದನ್ನು ಹಚ್ಚಿದವರಿಗೆ ಹೇಳಬೇಕಿಲ್ಲ. ಈ ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಐವರ್‌ಮೆಕ್ಟಿನ್ ಹಿಂದಿನ ಶೋಧಕ್ಕೆ ನೊಬೆಲ್ ಬಂದದ್ದೂ ಅದೇ ವರ್ಷ. ಕೋವಿಡ್ ಕಾಲದಲ್ಲಿ ಈ ಮಾತ್ರೆಯನ್ನು ಕೊರೊನಾಗೆಂದು ನುಂಗಿದವರು ನಮ್ಮಲ್ಲಿ ಬಹಳ. ದೊಡ್ಡ ಪ್ರಯೋಗಗಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಕಜ್ಜಿಯ ಮೇಲೆ ಅದಕ್ಕಿರುವ ಬಲ ಮಾತ್ರ ಅನುಮಾನಕ್ಕೆ ಎಡೆಯಿಲ್ಲದ್ದು.

"ಬರೀ ತುರಿಕೆ ತಾನೆ, ಅದರಿಂದ ಯಾರೂ ಸಾಯುವುದಿಲ್ಲ" ಎನ್ನುವವರಿಗೂ ಫಿಜಿಯಲ್ಲಿ ಉತ್ತರವಿದೆ. ಕೆರೆದ ಗಾಯದಲ್ಲಿ ಸ್ಟ್ರೆಪ್ಟೊಕಾಕಸ್, ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಸೇರಿ ಕೀವು ಕಟ್ಟುತ್ತದೆ. ಅಲ್ಲಿಂದ ರಕ್ತಕ್ಕೆ ನಂಜೇರಬಹುದು, ಮೂತ್ರಪಿಂಡ ಊದಿಕೊಳ್ಳಬಹುದು. ಮುಂದೆ ಫಿಜಿಯ ಇಡೀ ಉತ್ತರ ವಿಭಾಗಕ್ಕೆ ಮಾತ್ರೆ ಹಂಚಿದ ಮೇಲೆ ಚರ್ಮದ ಸೋಂಕಿಗಾಗಿ ಆಸ್ಪತ್ರೆಗೆ ದಾಖಲಾಗುವುದು ಶೇ. 17ರಷ್ಟು ತಗ್ಗಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ತಡವಾಯಿತೆಂದೇ ನನ್ನ ಅನಿಸಿಕೆ.

ಕೊನೆಯದಾಗಿ, ಮದ್ದಿನ ಮೇಲೆ ವಿಶ್ವಾಸ ಕೆಡಿಸುವ ಒಂದು ನಂಬಿಕೆ: "ಹಚ್ಚಿ ವಾರವಾದರೂ ತುರಿಕೆ ನಿಂತಿಲ್ಲ, ಮದ್ದು ಹಿಡಿಯಲಿಲ್ಲ." ನುಸಿ ಸತ್ತರೂ ಅದರ ದೇಹ, ಮೊಟ್ಟೆ, ಹಿಕ್ಕೆ ಚರ್ಮದೊಳಗೇ ಉಳಿದಿರುತ್ತವೆ. ಚರ್ಮ ಅವುಗಳ ಮೇಲೆ ಮುನಿದಿರುವಷ್ಟು ದಿನ, ಅಂದರೆ ಎರಡರಿಂದ ನಾಲ್ಕು ವಾರ, ತುರಿಕೆ ಇದ್ದೇ ಇರುತ್ತದೆ. ಇದು ತಿಳಿಯದೆ ದಿನವೂ ಮುಲಾಮು ಬಳಿದುಕೊಂಡು ಚರ್ಮ ಸುಟ್ಟುಕೊಳ್ಳುವವರಿದ್ದಾರೆ. ಐವರ್‌ಮೆಕ್ಟಿನ್ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಅವು ಒಡೆದ ಮೇಲೆ ಹಿಡಿಯಲೆಂದೇ ಒಂದೆರಡು ವಾರ ಬಿಟ್ಟು ಎರಡನೆಯ ಸಲ ಕೊಡುವುದು. ಆ ಎರಡನೆಯ ಸಲವನ್ನು ತಪ್ಪಿಸದೆ, ಮನೆಯವರೆಲ್ಲ ಒಂದೇ ದಿನ ತೆಗೆದುಕೊಂಡು ಕಾಯಬೇಕು. ತಿಂಗಳಾದ ಮೇಲೂ ಹೊಸ ಗುಳ್ಳೆ ಏಳುತ್ತಿದ್ದರೆ ಆಗ ಮತ್ತೆ ವೈದ್ಯರಿಗೆ ತೋರಿಸಬೇಕು.