ಮನೆಯ ಗಿಟಾರಿಗೆ ತಕ್ಕ ಸ್ಪೀಕರ್ ಪೆಟ್ಟಿಗೆ

ಪರದೇಶದ ವಾದ್ಯವು ನಮ್ಮ ಸೀಮೆಗೆ ಹೊಸತಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ, 2004ರಲ್ಲಿ ಪದ್ಮಶ್ರೀ ಪಡೆದರು. ಇಂದು ಬೆಳ್ತಂಗಡಿಯಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಮಗಳು ವಿದ್ಯುತ್ ಗಿಟಾರನ್ನು ಬಯಸಿದರೆ ಅಚ್ಚರಿಯೇನು? ಆದರೆ ಹಂಚಿನ ಮನೆಯಲ್ಲಿ ಕೋಣೆಯ ಗೋಡೆಯು ಮಾಡಿನವರೆಗೆ ಏರದಿದ್ದರೆ, ನಾದವೆಲ್ಲ ಮಲಗಿದ ಅಜ್ಜಿಯ ಕಿವಿಗೂ ಬೀಳುವುದು.

ವಾಟ್ ಹೆಚ್ಚಿದಷ್ಟೂ ಉತ್ತಮವೆಂದು ಭ್ರಮಿಸಲಾಗದು. ಹಾಗೆಯೇ ವಾಟ್ ತಗ್ಗಿಸಿದ ಮಾತ್ರಕ್ಕೆ ಮನೆ ಶಾಂತವಾಗದು: 50 ವಾಟಿಗೆ ಬದಲು 5 ವಾಟಿನ ಆಂಪ್ಲಿಫೈಯರನ್ನು ತಂದರೂ ಅಬ್ಬರವು ಕಿವಿಗೆ ಸುಮಾರು ಅರ್ಧದಷ್ಟು ಇಳಿಯುವುದಷ್ಟೆ. ಚಿಕ್ಕ ಕೋಣೆಗೆ 10 ಅಂಗುಲದ ಒಂದೇ ಸ್ಪೀಕರು ಸಾಕು. ಬೆನ್ನು ತೆರೆದ ಪೆಟ್ಟಿಗೆಯ ನಾದವು ಸುತ್ತಲೂ ಹರಡುವುದು; ಮುಚ್ಚಿದುದರಲ್ಲಿ ಮಂದ್ರಸ್ವರವು ಬಿಗಿಯಾಗಿರುವುದು.

ಆಂಪ್ಲಿಫೈಯರು ಕೇಳುವ ಓಮ್ ಸಂಖ್ಯೆಯೂ ಪೆಟ್ಟಿಗೆಯ ಸಂಖ್ಯೆಯೂ, 8 ಆಗಲಿ 16 ಆಗಲಿ, ಹೊಂದಿಕೊಳ್ಳತಕ್ಕದ್ದು. ವಾಲ್ವಿನ ಆಂಪ್ಲಿಫೈಯರನ್ನು ಸ್ಪೀಕರಿಲ್ಲದೆ ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರು ಕೆಡುವ ಭಯವುಂಟು.

ಸ್ಪೀಕರಿನ ಶಂಕುವು ಸಾಮಾನ್ಯವಾಗಿ ಕಾಗದದ್ದು. ನಮ್ಮ ಮಳೆಗಾಲದ ತೇವವನ್ನು ಹೀರುವುದು. ಪೆಟ್ಟಿಗೆಯನ್ನು ಒದ್ದೆ ಗೋಡೆಯಿಂದ ದೂರವಾಗಿ, ಮಣೆಯ ಮೇಲಿಡುವುದು ಲೇಸು.

ಕಡೆಯ ಮಾತೊಂದು: ಅಂಗಡಿಯಲ್ಲಿ ಗಟ್ಟಿಯಾಗಿ ನುಡಿಸಿ ಮರುಳಾಗಬೇಡಿರಿ. ಮನೆಯಲ್ಲಿ ಇರುಳು ಎಷ್ಟು ಮೆಲ್ಲಗೆ ನುಡಿಸುವಿರೋ ಅಷ್ಟೇ ಮೆಲ್ಲಗೆ ನುಡಿಸಿ ಕೇಳಿರಿ. ಆ ಮೆಲುದನಿಯಲ್ಲೂ ಇಂಪಾಗಿರುವ ಪೆಟ್ಟಿಗೆಯೇ ನಿಮ್ಮದು. ಮಗಳ ಅಭ್ಯಾಸವೂ ಸಾಗುವುದು, ಅಜ್ಜಿಯ ನಿದ್ದೆಯೂ ಉಳಿಯುವುದು.