ಅಧ್ಯಾಯ 4: ಹೊಂಡದ ನೋಟ್‌ಬುಕ್ಕಿನಿಂದ ಎಲ್ಲರ ಕಣಜಕ್ಕೆ

ಬೆಳಗಿನ ಜಾವ ಐದು ಗಂಟೆ. ಕ್ಯಾಟ್‌ಫಿಶ್ ಹೊಂಡದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತವನು ಮೀಟರಿನ ತಂತಿಯನ್ನು ನೀರಿಗೆ ಇಳಿಬಿಟ್ಟು, ಟಾರ್ಚ್ ಬೆಳಕಿನಲ್ಲಿ ನೋಟ್‌ಬುಕ್ಕಿಗೆ ಗೀಚುತ್ತಾನೆ: ‘ಆಮ್ಲಜನಕ 1.5’. ನೋಟ್‌ಬುಕ್ ಅವನ ಜೇಬಿನಲ್ಲಿರುವ ತನಕ ಅಷ್ಟು ಸಾಕು. ಯಾವ ಹೊಂಡ, ಯಾವ ಮೀನು, ಯಾವ ಹೊತ್ತು ಎಲ್ಲವೂ ಅವನಿಗೆ ನೆನಪಿದೆ. ಅದೇ ಅಂಕಿ ಊರು ದಾಟಿ ಇನ್ನೊಬ್ಬರ ಕೈ ಸೇರಿದರೆ ಮೂಕವಾಗುತ್ತದೆ.

ಅಮೆರಿಕದ ಮಿಸಿಸಿಪಿ ಡೆಲ್ಟಾದ ಚಾನೆಲ್ ಕ್ಯಾಟ್‌ಫಿಶ್ ಹೊಂಡದಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಎಂದರೆ ಓಡಿಹೋಗಿ ಏರಿಯೇಟರ್ ಹಚ್ಚಬೇಕಾದ ಗಳಿಗೆ. ನಮ್ಮ ಮಾಗೂರ್ ಮೀನಿಗೆ ಅಷ್ಟು ಗಾಬರಿಯಿಲ್ಲ. ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಅಂಗವೂ ಇರುವ ಅದು ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಕೆಳಗಿಳಿಯುತ್ತದೆ. ಹೊತ್ತೂ ಮುಖ್ಯ. ರಾತ್ರಿಯೆಲ್ಲ ಪಾಚಿಯೂ ಆಮ್ಲಜನಕ ಬಳಸುವುದರಿಂದ ಜಾವದಲ್ಲಿ ಮಟ್ಟ ತೀರ ಇಳಿದಿರುತ್ತದೆ. ಅದೇ 1.5 ಬಿಸಿಲೇರಿದ ಮಧ್ಯಾಹ್ನ ಕಂಡರೆ ಹೊಂಡಕ್ಕೇ ಏನೋ ಆಗಿದೆ ಎಂದರ್ಥ.

ಹಂಚಿಕೊಳ್ಳುವ ಮಾಹಿತಿ ಕಣಜ ಎಂದೊಡನೆ ನಮಗೆ ಕಂಪ್ಯೂಟರ್ ನೆನಪಾಗುತ್ತದೆ. ಅದು ಸುಲಭದ ಭಾಗ. ಊರಿಗೊಂದು ಕೊಳಗವಿದ್ದರೆ ಕಣಜದ ಲೆಕ್ಕ ಹೊಂದುವುದಿಲ್ಲ. ಕಷ್ಟವಿರುವುದು ಎಲ್ಲರೂ ಒಂದೇ ಕೊಳಗಕ್ಕೆ ಒಪ್ಪುವುದರಲ್ಲಿ.

ಮೊದಲು ಹೆಸರು

ಕ್ಯಾಟ್‌ಫಿಶ್ ಎಂಬುದು ಒಂದು ಮೀನಲ್ಲ, ಮೂರು ಸಾವಿರಕ್ಕೂ ಹೆಚ್ಚು ಜಾತಿಗಳ ಬಳಗ. 2002ರಲ್ಲಿ ಅಮೆರಿಕ ತನ್ನ ಕೃಷಿ ಕಾನೂನಿನಲ್ಲಿ, ಇಕ್ಟಾಲುರಿಡೇ ಕುಟುಂಬದ ಮೀನನ್ನು ಮಾತ್ರ ಆ ಹೆಸರಲ್ಲಿ ಮಾರಬಹುದು ಎಂದು ಬರೆದುಕೊಂಡಿತು. ವಿಯೆಟ್ನಾಮಿನ ಮೆಕಾಂಗ್ ಡೆಲ್ಟಾದಿಂದ ಬರುವ ‘ಟ್ರಾ’ ಮೀನು ಅಮೆರಿಕದ ಅಂಗಡಿಯಲ್ಲಿ ಬೇರೆ ಹೆಸರು ಹೊತ್ತುಕೊಳ್ಳಬೇಕಾಯಿತು.

ವಿಜ್ಞಾನದ ಹೆಸರುಗಳೂ ಕದಲುತ್ತವೆ. ಭಾರತದ ಮಾಗೂರನ್ನು ಹಳೆಯ ಪುಸ್ತಕಗಳು ಕ್ಲೇರಿಯಸ್ ಬ್ಯಾಟ್ರಾಕಸ್ ಎನ್ನುತ್ತವೆ. ಆ ಹೆಸರು ಜಾವಾದ ಮೀನಿಗೆ ಸೇರಬೇಕಾದದ್ದು ಎಂದು 2008ರಲ್ಲಿ ಸ್ಪಷ್ಟವಾದ ಮೇಲೆ ನಮ್ಮದು ಕ್ಲೇರಿಯಸ್ ಮಾಗುರ್ ಆಯಿತು. ಇಂಥ ಗೋಜಲು ಬಿಡಿಸುವ ದೊಡ್ಡ ಕಣಜ ಫಿಶ್‌ಬೇಸ್. ಡೇನಿಯಲ್ ಪಾಲಿ ಮತ್ತು ರೈನರ್ ಫ್ರೋಸ್ ಮನಿಲಾದಲ್ಲಿ ಕಟ್ಟಿದ ಇದು 1996ರಿಂದ ಅಂತರಜಾಲದಲ್ಲಿದೆ. ಹಳೆಯ ಹೆಸರು, ಊರ ಹೆಸರು ಯಾವುದನ್ನು ಕೊಟ್ಟು ಹುಡುಕಿದರೂ ಒಂದೇ ಮೀನಿನ ಪುಟಕ್ಕೆ ಕರೆದೊಯ್ಯುವುದು ಇದರ ಜಾಣ್ಮೆ.

ನಮ್ಮಲ್ಲಿ ಹೆಸರು ತಪ್ಪಿದರೆ ಕಾನೂನೇ ತಪ್ಪುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ಭಾರತದಲ್ಲಿ ನಿಷಿದ್ಧ. ಸಂತೆಯಲ್ಲಿ ಅದರ ಹೆಸರು ‘ಥಾಯ್ ಮಾಗೂರ್’. ನೋಟ್‌ಬುಕ್ಕಿನಲ್ಲಿ ಬರೀ ‘ಮಾಗೂರ್’ ಎಂದಿದ್ದರೆ ಅದು ಅಳಿವಿನಂಚಿಗೆ ಸರಿದಿರುವ ನಾಡಮೀನೋ, ನಾಡಮೀನನ್ನು ನುಂಗುವ ಪರದೇಶಿಯೋ ತಿಳಿಯದು.

ಆಮೇಲೆ ಅಳತೆ

ಒಂದು ಹೊಂಡಕ್ಕೆ 200 ಕಿಲೋ ಮರಿ ಬಿತ್ತನೆಯಾಯಿತು, 1,600 ಕಿಲೋ ಆಹಾರ ಹಾಕಲಾಯಿತು, ಬಲೆ ಎಳೆದಾಗ 1,200 ಕಿಲೋ ಸಿಕ್ಕಿತು ಎಂದುಕೊಳ್ಳಿ. ಒಬ್ಬರು 1,600ನ್ನು 1,200ರಿಂದ ಭಾಗಿಸಿ, ಕಿಲೋ ಮೀನಿಗೆ 1.33 ಕಿಲೋ ಆಹಾರ ಎಂದು ಬರೆಯುತ್ತಾರೆ. ಇನ್ನೊಬ್ಬರು ಮರಿಯ ತೂಕ ಕಳೆದು, ಬೆಳೆದ 1,000 ಕಿಲೋಗೆ ಲೆಕ್ಕ ಹಾಕಿ 1.6 ಎನ್ನುತ್ತಾರೆ. ಹೊಂಡ ಒಂದೇ, ಮೀನೂ ಅವೇ. ಎರಡನ್ನೂ ಒಂದೇ ಕಾಲಮಿನಲ್ಲಿ ಸುರಿದರೆ ಮೊದಲನೆಯವರು ಜಾಣ ಕೃಷಿಕರಾಗಿ ಕಾಣುತ್ತಾರೆ. ಸರಿಯಾದದ್ದು ಎರಡನೆಯ ಲೆಕ್ಕ.

ಮೀಟರಿಗೆ ಸಿಗದ ಅಳತೆಗಳೂ ಇವೆ. ಮೊದಲ ಮಳೆಗೆ ಮಣ್ಣಿನಿಂದೇಳುವ ಘಮಕ್ಕೆ ಕಾರಣವಾದ ಜಿಯೋಸ್ಮಿನ್ ಮೀನಿನ ಮಾಂಸಕ್ಕೆ ಇಳಿದರೆ ಯಾರೂ ಕೊಳ್ಳುವುದಿಲ್ಲ. ಅದಕ್ಕೇ ಮಿಸಿಸಿಪಿಯ ಸಂಸ್ಕರಣಾ ಘಟಕಗಳಲ್ಲಿ ರುಚಿಗಾರರಿದ್ದಾರೆ. ಬಲೆ ಎಳೆಯುವ ಮುಂಚೆಯೇ ಹೊಂಡದಿಂದ ತಂದ ಮೀನಿನ ತುಂಡನ್ನು ಉಪ್ಪು ಖಾರ ಏನೂ ಸೋಕಿಸದೆ ಮೈಕ್ರೋವೇವ್‌ನಲ್ಲಿ ಬೇಯಿಸಿ, ಮೂಸಿ, ತಿಂದು ತೀರ್ಪು ಹೇಳುತ್ತಾರೆ. ನಾಲಿಗೆಯ ಆ ತೀರ್ಪಿಗೂ ಕಣಜದಲ್ಲಿ ಒಂದು ಕಾಲಂ ಬೇಕು.

ಸಾವಿನ ಲೆಕ್ಕ

ಎಲ್ಲರೂ ಮುಚ್ಚಿಡುವುದು ಸತ್ತ ಮೀನಿನ ಲೆಕ್ಕವನ್ನು. ಸುದ್ದಿ ಹೊರಬಿದ್ದರೆ ವ್ಯಾಪಾರಿ ದರ ಇಳಿಸುತ್ತಾನೆ, ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಾರೆ. ಆದರೆ ಗೆದ್ದವರ ಅಂಕಿಗಳಷ್ಟೇ ತುಂಬಿದ ಕಣಜ ನೋಡಿ ಹೊಸಬರು ಹೊಂಡ ತೋಡಿದರೆ ಗತಿಯೇನು?

ಸಾವಿನ ದಾಖಲೆಗೆ ಸಮುದ್ರ ದಾಟುವ ಬೆಲೆಯಿದೆ. ಮೆಕಾಂಗ್ ಡೆಲ್ಟಾದ ಟ್ರಾ ಮೀನುಗಳ ಯಕೃತ್ತು, ಮೂತ್ರಪಿಂಡಗಳಲ್ಲಿ ಬಿಳಿ ಚುಕ್ಕೆ ಎಬ್ಬಿಸಿ ಕೊಲ್ಲುತ್ತಿದ್ದ ಬ್ಯಾಕ್ಟೀರಿಯಾ ಯಾವುದೆಂದು ಹುಡುಕಿದಾಗ ಸಿಕ್ಕಿದ್ದು ಎಡ್ವರ್ಡ್ಸಿಯೆಲ್ಲಾ ಇಕ್ಟಾಲುರಿ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್‌ನಲ್ಲಿ ಅದನ್ನು 1970ರ ದಶಕದಲ್ಲೇ ಗುರುತಿಸಿದ್ದರು. ಅಲ್ಲಿ ಬರೆದಿಟ್ಟಿದ್ದರಿಂದ ವಿಯೆಟ್ನಾಮಿನಲ್ಲಿ ಹೋಲಿಸಿ ನೋಡಲಾಯಿತು.

ಹಾಗಾಗಿ ಕಣಜ ಕಟ್ಟುವವರು ಕೃಷಿಕರ ಹೆಸರನ್ನು ತೆಗೆದು ತಾಲ್ಲೂಕನ್ನಷ್ಟೇ ಉಳಿಸಬೇಕು. ಬರೆದವರಿಗೆ, ಅಕ್ಕಪಕ್ಕದ ಹೊಂಡಗಳ ಜೊತೆ ತಮ್ಮದು ಹೇಗಿದೆ ಎಂಬ ಹೋಲಿಕೆಯನ್ನು ತಿರುಗಿ ಕೊಡಬೇಕು. ಕೊಟ್ಟಿದ್ದು ವಾಪಸು ಬರದ ಕಡೆಗೆ ಯಾರೂ ಎರಡನೇ ಸಲ ಕಾಳು ಹೊತ್ತು ತರುವುದಿಲ್ಲ.

ಈಗ ಆ ನೋಟ್‌ಬುಕ್ಕಿನ ಸಾಲನ್ನು ತಿದ್ದೋಣ: ‘ಹೊಂಡ 2, ಕ್ಲೇರಿಯಸ್ ಮಾಗುರ್, ಬೆಳಗ್ಗೆ 5.10, ನೀರಿನ ಮೇಲಿನಿಂದ ಒಂದಡಿ ಆಳ, ಆಮ್ಲಜನಕ ಲೀಟರಿಗೆ 1.5 ಮಿಲಿಗ್ರಾಂ, ಸತ್ತದ್ದು 3’. ಬರೆಯಲು ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ. ಬರೆದವನು ಪಕ್ಕದಲ್ಲಿಲ್ಲದಿದ್ದರೂ ಇನ್ನು ಅದನ್ನು ಓದಬಹುದು.